ಹಗ್ಗದ ಟೀಚರ್ ಹಿಂದೆ ನಿಂತ ಸಾಲು

ಹಗ್ಗದ ಟೀಚರಿಗೆ ಹೊಟ್ಟೆಕಿಚ್ಚು ಬಂದರೆ ಕಿವಿ ಕೆಂಪಾಗುತ್ತದೆ. ಇದು ಇಡೀ ಶಾಲೆಗೇ ಗೊತ್ತು, ಅವರೊಬ್ಬರನ್ನು ಬಿಟ್ಟು. ತಮ್ಮ ಹೊಟ್ಟೆಯೊಳಗಿನದು ಯಾರಿಗೂ ಕಾಣಿಸುವುದಿಲ್ಲ ಅಂತ ಅವರು ಗಟ್ಟಿಯಾಗಿ ನಂಬಿದ್ದರು. ಎರಡನೇ ಕ್ಲಾಸಿನ ಪುಟಾಣಿಗಳು ಮಾತ್ರ "ಇವತ್ತು ಟೀಚರ್ ಕಿವಿ ನೋಡೋ" ಅಂತ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದರು.

ಬೆಳಿಗ್ಗೆಯಿಂದ ಮೂರು ಗಂಟೆವರೆಗೆ ಅವರದು ಎರಡನೇ ಕ್ಲಾಸು: ಲೆಕ್ಕ, ಓದು, ಮೂಗು ಒರೆಸುವುದು. ಮೂರಕ್ಕೆ ಗಂಟೆ ಹೊಡೆದ ಮೇಲೆ ಚಾಪೆಲ್ ಪಕ್ಕದ ಸಿಮೆಂಟ್ ಅಂಗಳದಲ್ಲಿ ಹಗ್ಗದಾಟದ ಕ್ಲಬ್ಬು. ಹತ್ತೊಂಬತ್ತು ವರ್ಷದಿಂದ ಅದೇ ಅಂಗಳ, ಅದೇ ಶಿಸ್ತು. ಒಂದೊಂದು ಮಗುವಿಗೂ ಅಳತೆ ನೋಡಿಯೇ ಹಗ್ಗ ಕತ್ತರಿಸುತ್ತಿದ್ದರು. ನಡುವೆ ಕಾಲಿಟ್ಟು ನಿಂತರೆ ಎರಡು ತುದಿಯೂ ಕಂಕುಳಿಗೆ ಸರಿಯಾಗಿ ಬರಬೇಕು. ಮಗು ಬೆಳೆದರೆ ಹೊಸ ಹಗ್ಗ, ಹಳೆಯದು ತಂಗಿಗೋ ತಮ್ಮನಿಗೋ. ಹಿಡಿಕೆಗೆ ತೊಗಲು ಸುತ್ತಿಕೊಡುವುದು ಅವರ ಗಂಡ. ಆತ ಚರ್ಚ್ ಹಿಂದಿನ ಬೀದಿಯಲ್ಲಿ ಚಪ್ಪಲಿ, ಶೂ, ಬ್ಯಾಗು ಹೊಲಿಯುವ ಮನುಷ್ಯ. ಮನೆಯ ಮುಂದಿನ ಕೋಣೆಯೇ ಅಂಗಡಿ.

"ಮೊಣಕೈ ಒಳಗೆ! ಮಣಿಕಟ್ಟು ತಿರುಗಿಸು, ತೋಳಲ್ಲ! ನೀನೇನು ಬಾವಿಯಿಂದ ನೀರು ಸೇದ್ತಿದ್ದೀಯಾ?" ಟೀಚರ ಈ ಕೂಗು ಮೂರನೇ ಬೀದಿಯ ತನಕ ಕೇಳುತ್ತಿತ್ತು. ಅದನ್ನು ಕೇಳಿ ಕೈಗಡಿಯಾರ ಸರಿಮಾಡಿಕೊಳ್ಳುವವರೂ ಇದ್ದರಂತೆ.

ಹೋದ ವರ್ಷ ಹೊಸ ಸಿಸ್ಟರ್ ಬಂದರು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಬಿಳಿ ನಿಲುವಂಗಿ, ಕೊರಳಲ್ಲಿ ಶಿಲುಬೆ, ಎಲ್ಲ ಸರಿ. ಆದರೆ ನಿಲುವಂಗಿಯ ಕೆಳಗೆ ಕ್ಯಾನ್ವಾಸ್ ಶೂ! ಬಂದ ಎರಡನೇ ದಿನವೇ ಅಂಗಿಯ ಅಂಚನ್ನು ಸೊಂಟದ ದಾರಕ್ಕೆ ಸಿಕ್ಕಿಸಿ, ಒಂದು ತೊಗಲಿನ ಚೆಂಡನ್ನು ಒದ್ದರು ನೋಡಿ. ಅದು ಚಾಪೆಲಿನ ಗಂಟೆಗೋಪುರದಷ್ಟು ಎತ್ತರ ಹೋಗಿ, ಇಳಿದು, ಮತ್ತೆ ಅವರ ಕಾಲಿನ ಮೇಲೇ ಬಂದು ಕೂತಿತು. ಸಾಕಿದ ಬೆಕ್ಕಿನ ಹಾಗೆ. ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತರು. ಟೀಚರ ಕಿವಿ ಅವತ್ತು ಕೆಂಪಾದದ್ದು ತಿಂಗಳುಗಟ್ಟಲೆ ಇಳಿಯಲಿಲ್ಲ.

ಆ ಶಾಲೆಯಲ್ಲಿ ಒಂದು ಪದ್ಧತಿ ಇದೆ. ಯಾವ ಮಗು ಯಾವ ಕ್ಲಬ್ಬು ಅಂತ ಚೀಟಿ ಬರೆಸುವುದಿಲ್ಲ, ಅಪ್ಪ ಅಮ್ಮನನ್ನು ಕೇಳುವುದೂ ಇಲ್ಲ. ಟರ್ಮ್ ಶುರುವಾಗುವ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಕ್ಲಬ್ಬು ನಡೆಸುವವರೆಲ್ಲ ಅಂಗಳದಲ್ಲಿ ದೂರ ದೂರ ನಿಲ್ಲುತ್ತಾರೆ. ಒಬ್ಬೊಬ್ಬರೂ ತಮ್ಮ ಕಸುಬು ಸ್ವಲ್ಪ ತೋರಿಸುತ್ತಾರೆ. ಆಮೇಲೆ ಹೆಡ್ಮಿಸ್ಟ್ರೆಸ್ ದೊಡ್ಡ ಸಿಸ್ಟರ್ ಗಂಟೆ ಅಲ್ಲಾಡಿಸಿದ ಕೂಡಲೇ ಮಕ್ಕಳು ಓಡಿ ತಮಗೆ ಬೇಕಾದವರ ಹಿಂದೆ ಸಾಲು ನಿಲ್ಲಬೇಕು. ಅದಕ್ಕೆ ಸಾಲು ಸೋಮವಾರ ಅಂತಲೇ ಹೆಸರು. ಯಾರ ಬಾಲ ಎಷ್ಟು ಉದ್ದ ಅಂತ ಊರೆಲ್ಲ ನೋಡುವ ದಿನ ಅದು.

ಕಳೆದ ಟರ್ಮಿನಲ್ಲಿ ಚೆಂಡಾಟದ ಕ್ಲಬ್ಬು ನಡೆಸುವ ಹೊಸ ಸಿಸ್ಟರ್ ಹಿಂದಿನ ಸಾಲು ಅಂಗಳ ಸಾಲದೆ ನಲ್ಲಿಯ ಕಟ್ಟೆ ಸುತ್ತಿ ಬಂದಿತ್ತು. ಟೀಚರ ಹಿಂದೆ ಎಂಟೇ ಜನ. ಅದರಲ್ಲೂ ಒಬ್ಬಳು ಕಾಲಿಗೆ ಪಟ್ಟಿ ಕಟ್ಟಿಕೊಂಡವಳು, ಅಷ್ಟು ದೂರ ಓಡಲಾಗದೆ ಹತ್ತಿರ ಇದ್ದವರ ಹಿಂದೆ ನಿಂತವಳು.

ಅದಕ್ಕಿಂತ ಉರಿದದ್ದು ಮಿಡತೆ ಹೋದದ್ದು. ಮಿಡತೆ ಅಂದರೆ ನಾಲ್ಕನೇ ಕ್ಲಾಸಿನ ಹುಡುಗಿ, ಉದ್ದ ಕಾಲು, ಒಂದು ಕುಣಿತಕ್ಕೆ ಹಗ್ಗವನ್ನು ಎರಡು ಸಲ ಕೆಳಗೆ ದಾಟಿಸುತ್ತಿದ್ದಳು. ಟೀಚರೇ ಇಟ್ಟ ಹೆಸರು. ಅವಳೀಗ ಮೂರು ಗಂಟೆಗೆ ಚೆಂಡಿನ ಹಿಂದೆ ಓಡುತ್ತಿದ್ದಳು. ಟೀಚರ್ ಅವಳ ಹಗ್ಗವನ್ನು ಯಾರಿಗೂ ಕೊಡದೆ ತಮ್ಮ ಬೀರುವಿನ ಮೊಳೆಗೆ ನೇತುಹಾಕಿದ್ದರು.

ಈ ಟರ್ಮಿಗೆ ಮುಂಚೆ ದೊಡ್ಡ ಸಿಸ್ಟರ್ ಟೀಚರನ್ನು ಆಫೀಸಿಗೆ ಕರೆದರು.

"ಈ ಸಲ ಹತ್ತು ಮಕ್ಕಳಾದರೂ ಬರದಿದ್ರೆ ಹಗ್ಗದ ಕ್ಲಬ್ಬು ನಿಲ್ಲಿಸೋಣಮ್ಮ. ಹೋಂವರ್ಕ್ ಕೋಣೆಗೆ ಒಬ್ಬರು ಬೇಕು. ಕೂತು ಮಾಡೋ ಕೆಲಸ, ನಿಮ್ಮ ಮಂಡಿಗೂ ಒಳ್ಳೇದು."

"ನನ್ನ ಮಂಡಿಗೇನಾಗಿದೆ ಸಿಸ್ಟರ್? ಗಟ್ಟಿಮುಟ್ಟಾಗಿದೆ" ಅಂದು ಟೀಚರ್ ಹೊರಗೆ ಬಂದರು. ಬಾಗಿಲಲ್ಲಿ ಕಾಯಿರ್ ಮಾಸ್ಟರು, ಅಂದರೆ ಮಕ್ಕಳಿಗೆ ಚರ್ಚ್ ಹಾಡು ಕಲಿಸುವವರು, ಹಲ್ಲು ಕಿರಿಯುತ್ತ ನಿಂತಿದ್ದರು.

"ಏನು ಟೀಚರೇ, ಕಿವಿ ಬೆಚ್ಚಗಿದೆಯಾ? ನೀವೂ ಒಂದು ಕ್ಯಾನ್ವಾಸ್ ಶೂ ತಗೊಳ್ಳಿ. ಗಂಡ ಹೇಗೂ ಮನೇಲೇ ಹೊಲೀತಾರೆ."

"ನಿಮ್ಮ ಕೋರಸ್ಸಿಗೆ ಬರೋ ಮಕ್ಕಳು ಬಾಯಾಡಿಸೋದು ಬಿಟ್ಟು ಹಾಡೋಕೆ ಕಲೀಲಿ ಮೊದಲು" ಅಂತ ಟೀಚರ್ ಮೂಗು ಮುರಿದು ಹೊರಟರು. ಆದರೆ ಹತ್ತು ಅನ್ನುವ ಅಂಕಿ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಶನಿವಾರ ಮಧ್ಯಾಹ್ನ ಮನೆಗೆ ಬಂದು ನೋಡಿದರೆ, ಗಂಡನ ಮಡಿಲಲ್ಲಿ ಚೆಂಡು!

"ಹೊಲಿಗೆ ಬಿಟ್ಟಿತ್ತಂತೆ. ಆ ಸಿಸ್ಟರೇ ತಂದುಕೊಟ್ಟರು, ಪಾಪ, ಎಷ್ಟು ಮರ್ಯಾದೆ ಆ ಹುಡುಗಿಗೆ! ಕೈಯಲ್ಲಿ ಹೊಲಿದ ಚೆಂಡು ಕಣೇ ಇದು. ಈಗ ಎಲ್ಲಿ ಸಿಗತ್ತೆ ಇಂಥದ್ದು?" ಆತ ಮಗುವಿನ ಕೆನ್ನೆ ಸವರುವ ಹಾಗೆ ಚೆಂಡನ್ನು ಸವರಿದ.

"ಹುಡುಗಿ ಅಂತೆ, ಪಾಪ ಅಂತೆ! ಹತ್ತೊಂಬತ್ತು ವರ್ಷ ನನ್ನ ಹಗ್ಗಕ್ಕೆ ಹಿಡಿಕೆ ಕಟ್ಟಿದ್ರಲ್ಲ, ಒಂದು ದಿನ ಹಿಂಗೆ ಸವರಿದ್ರಾ?"

"ಹಗ್ಗ ಸವರಿದ್ರೆ ಕೈ ಸುಡತ್ತೆ ಮಾರಾಯ್ತಿ."

"ಸೋಮವಾರಕ್ಕೆ ಆಗಲ್ಲ ಅಂತ ಹೇಳಿಬಿಡಿ. ಬುಧವಾರ ಕೊಡ್ತೀನಿ ಅನ್ನಿ."

ಗಂಡ ಕನ್ನಡಕದ ಮೇಲಿಂದ ನೋಡಿದ. "ಕೊಡ್ತೀನಿ ಅಂದ ದಿನ ಕೊಡದೇ ಇದ್ದದ್ದು ಉಂಟಾ ನಾನು?" ಇಲ್ಲ, ಇರಲಿಲ್ಲ. ಅದು ಟೀಚರಿಗೂ ಗೊತ್ತಿತ್ತು.

ಅವತ್ತು ಸಂಜೆಯೊಳಗೆ ಆತ ದಾರಕ್ಕೆ ಮೇಣ ಉಜ್ಜಿ, ಎರಡು ಸೂಜಿಯಲ್ಲಿ ಎದುರು ಬದುರು ಹೊಲಿದು, ಕೊನೆಯ ಗಂಟನ್ನು ತೊಗಲಿನೊಳಗೆ ಬಚ್ಚಿಟ್ಟು, ಗಾಳಿ ತುಂಬಿ ಕಿವಿಗೆ ಹಿಡಿದು ಕೇಳಿದ. ಎಲ್ಲೂ ಉಸ್ ಅನ್ನಲಿಲ್ಲ. ಸಾಮಾನಿನ ಹಲಗೆಯ ಮೇಲೆ ಇಟ್ಟ.

ಭಾನುವಾರ ಚರ್ಚಿನಿಂದ ಬಂದು ಊಟ ಮಾಡಿ ಗಂಡ ಮಲಗಿದ. ಟೀಚರ್ ಬಟ್ಟೆ ಮಡಚುತ್ತ ಕೂತರು. ಚೆಂಡು ಹಲಗೆಯ ಮೇಲಿಂದ ಅವರನ್ನೇ ನೋಡುತ್ತಿತ್ತು. ಅದಕ್ಕೆ ಕಣ್ಣಿಲ್ಲ, ಆದರೂ ನೋಡುತ್ತಿತ್ತು. 'ನಲ್ಲಿಯ ಕಟ್ಟೆ ಸುತ್ತಿ ಬರೋ ಸಾಲು' ಅಂದುಕೊಂಡರು. ಒಂದು ಅಂಗಿ ಮಡಚಿದರು. 'ಎಂಟು ಜನ, ಒಬ್ಬಳು ಕುಂಟಿ.' ಇನ್ನೊಂದು ಅಂಗಿ. 'ಮಿಡತೆ.' ಅಷ್ಟೇ, ಎದ್ದರು. ಗಂಡನ ಸಣ್ಣ ಚಾಕುವಿನ ತುದಿಯಿಂದ ಬಚ್ಚಿಟ್ಟ ಗಂಟನ್ನು ಹುಡುಕಿ ಕತ್ತರಿಸಿದರು. ಹತ್ತೊಂಬತ್ತು ವರ್ಷ ಆತನ ಕೈ ನೋಡಿದವರಿಗೆ ಗಂಟು ಎಲ್ಲಿರುತ್ತದೆ ಅಂತ ಹೇಳಿಕೊಡಬೇಕೇ? ಮೇಣದ ದಾರ, ಸದ್ಯಕ್ಕೆ ಬಿಗಿಯಾಗೇ ಇತ್ತು. ಒದ್ದಾಗ ಜಾರುತ್ತದೆ. ಮೇಲೆ ಸ್ವಲ್ಪ ಶೂ ಪಾಲಿಶ್ ತಿಕ್ಕಿದರು. ಬಟ್ಟೆ ಮಡಚುವುದನ್ನು ಅಚ್ಚುಕಟ್ಟಾಗಿ ಮುಗಿಸಿದರು.

ಸಾಲು ಸೋಮವಾರ ಬಂತು. ಕಾಯಿರ್ ಮಾಸ್ಟರು ಕೀಬೋರ್ಡಿನಲ್ಲಿ ಒಂದು ಹಾಡು ಬಾರಿಸಿದರು. ಕಾಗದದ ಕೆಲಸ ಕಲಿಸುವ ಆಂಟಿ ಒಂದು ಕೊಕ್ಕರೆ ಮಾಡಿ ಹಾರಿಸಿದರು. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಲವತ್ತೆಂಟನೇ ವಯಸ್ಸಿನಲ್ಲಿ, ಕೈ ಅಡ್ಡಡ್ಡ ಮಾಡಿ ಮೂವತ್ತು ಸಲ ಹಗ್ಗ ದಾಟಿದರು. ಒಂದು ಸಲವೂ ತಡವರಿಸಲಿಲ್ಲ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಉಳಿದವರ ಕಣ್ಣೆಲ್ಲ ಚೆಂಡಿನ ಮೇಲೆ.

ಸಿಸ್ಟರ್ ನಗುತ್ತಾ ಅಂಗಿಯ ಅಂಚು ಸಿಕ್ಕಿಸಿದರು, ಎರಡು ಹೆಜ್ಜೆ ಓಡಿ ಒದ್ದರು. ಚೆಂಡು ಮೇಲೆ ಹೋಗಲಿಲ್ಲ. ಹೊಲಿಗೆ ಪರ್ರ್ ಅಂತ ಬಿಟ್ಟುಕೊಂಡು, ಒಳಗಿನ ಗಾಳಿಚೀಲ, ಆ ಕೆಂಪು ರಬ್ಬರ್ ಬ್ಲ್ಯಾಡರ್, ನಾಲಿಗೆ ಚಾಚಿದಂತೆ ಹೊರಗೆ ಬಂದು, ಢಂ! ಪಾರಿವಾಳಗಳೆಲ್ಲ ಗೋಪುರ ಬಿಟ್ಟು ಹಾರಿದವು. ಮಕ್ಕಳು ಬಿದ್ದು ಬಿದ್ದು ನಕ್ಕರು. ಸಿಸ್ಟರೂ ನಕ್ಕರು, ಆದರೆ ಬಗ್ಗಿ ಆ ತೊಗಲು ಎತ್ತಿಕೊಂಡಾಗ ಅವರ ಗಲ್ಲ ನಡುಗಿತು.

ಗಂಟೆ ಹೊಡೆಯಿತು. ಮಕ್ಕಳು ಒಂದು ಗಳಿಗೆ ದಿಕ್ಕು ತೋಚದೆ ನಿಂತರು, ಆಮೇಲೆ ಓಡಿದರು. ಟೀಚರ್ ತಿರುಗಿ ನೋಡಲಿಲ್ಲ. ಹಿಂದೆ ಕಾಲಿನ ಸದ್ದು, ತಳ್ಳಾಟ, "ಏಯ್ ನಾನು ಮೊದಲು" ಅನ್ನುವ ಜಗಳ. ಕೊನೆಗೆ ತಡೆಯಲಾಗದೆ ತಿರುಗಿದರು. ಸಾಲು ಅಂಗಳ ದಾಟಿ ನಲ್ಲಿಯ ಕಟ್ಟೆ ಮುಟ್ಟಿತ್ತು! ಎಲ್ಲಕ್ಕಿಂತ ಮುಂದೆ ನಿಂತವಳು ಮಿಡತೆ. ಟೀಚರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಬಂದೆಯಾ ನನ್ನ ಚಿನ್ನ! ನಿನ್ನ ಹಗ್ಗ ಹಾಗೇ ಇಟ್ಟಿದ್ದೀನಿ ಕಣೇ."

"ಚೆಂಡು ಸರಿಹೋಗೋ ತನಕ ಅಷ್ಟೇ ಟೀಚರ್" ಅಂದಳು ಮಿಡತೆ, ತುಂಬ ಪ್ರಾಮಾಣಿಕವಾಗಿ.

ಅದನ್ನು ನುಂಗುವುದರೊಳಗೆ ಆ ಕಡೆಯಿಂದ ಕಾಯಿರ್ ಮಾಸ್ಟರ ದನಿ ಕೇಳಿತು. ಅವರು ತೊಗಲನ್ನು ತಿರುವಿ ತಿರುವಿ ನೋಡುತ್ತಿದ್ದರು. "ಇದೆಂಥ ಹೊಲಿಗೆ ಸಿಸ್ಟರ್? ಒಂದು ಒದೆತ ತಡೀಲಿಲ್ಲವಲ್ಲ! ವಯಸ್ಸಾಯ್ತು ಆ ಮನುಷ್ಯನಿಗೆ. ಕಣ್ಣು ಹೋಗಿರಬೇಕು."

"ಹೌದಾ? ನಮ್ಮ ಮಕ್ಕಳ ಶೂಗಳೆಲ್ಲ ಅವರ ಹತ್ತಿರಾನೇ ಹೋಗ್ತವಲ್ಲ" ಅಂದರು ದೊಡ್ಡ ಸಿಸ್ಟರ್, ಯೋಚಿಸುತ್ತ. ಗೇಟಿನ ಹತ್ತಿರ ನಿಂತಿದ್ದ ಇಬ್ಬರು ತಾಯಂದಿರು ಬಗ್ಗಿ ತಮ್ಮ ಮಕ್ಕಳ ಶೂ ನೋಡಿಕೊಂಡರು.

ಚಾಕು ಹಿಡಿದಾಗ ಟೀಚರಿಗೆ ಕಂಡದ್ದು ಸಿಸ್ಟರ ಚೆಂಡು ಮಾತ್ರ, ಗಂಡನ ಹೊಲಿಗೆ ಕಂಡಿರಲೇ ಇಲ್ಲ. ಅಂಗಡಿಯ ಬಾಗಿಲಲ್ಲಿ ಕೂತು, ಚೆಂಡನ್ನು ಕಿವಿಗೆ ಹಿಡಿದು ಕೇಳುತ್ತಿದ್ದ ಆ ಮುಖ ಕಣ್ಣ ಮುಂದೆ ಬಂತು. ಹಿಂದೆ ನೋಡಿದರು. ಎಂಥ ಸಾಲು! ಜೀವಮಾನದಲ್ಲಿ ಇಷ್ಟು ಉದ್ದದ್ದು ಸಿಕ್ಕಿರಲಿಲ್ಲ, ಇನ್ನು ಸಿಗುವುದೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಅವರ ಹೊಲಿಗೆಗೆ ಹೆಸರಿಡಬೇಡಿ ಮಾಸ್ಟರೇ!" ಕೂಗು ಮೂರನೇ ಬೀದಿಗೂ ಕೇಳಿರಬೇಕು. "ಆ ಮನುಷ್ಯ ಹೊಲಿದದ್ದು ಗಟ್ಟಿಯಾಗೇ ಇತ್ತು. ಗಂಟು ಕತ್ತರಿಸಿದ್ದು ನಾನು. ನಿನ್ನೆ ಮಧ್ಯಾಹ್ನ, ಅವರು ಮಲಗಿದ್ದಾಗ."

ಯಾರೋ ಒಂದನೇ ಕ್ಲಾಸಿನವ "ಟೀಚರ್ ಕಿವಿ!" ಅಂದ. ಅವನ ಅಕ್ಕ ಅವನ ಬಾಯಿ ಮುಚ್ಚಿದಳು.

"ಯಾಕೆ ಟೀಚರ್?" ಅಂತ ಸಿಸ್ಟರ್ ಮೆಲ್ಲಗೆ ಕೇಳಿದರು.

"ಯಾಕೆ ಅಂತ ಬೇರೆ ಕೇಳ್ತೀರಾ? ಹೊಟ್ಟೆ ಉರೀತಿತ್ತು, ಅದಕ್ಕೆ. ಈಗಲೂ ಉರೀತಿದೆ."

ದೊಡ್ಡ ಸಿಸ್ಟರ್ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಗಂಟೆಯನ್ನು ಇನ್ನೊಂದು ಸಲ ಅಲ್ಲಾಡಿಸಿ, "ಮಕ್ಕಳೇ, ಸಾಲು ಮತ್ತೆ ನಿಲ್ಲಿ. ಚೆಂಡು ಸರಿಹೋಗತ್ತೆ" ಅಂದರು. ಹಿಂದೆ ಮತ್ತೆ ಕಾಲಿನ ಸದ್ದು, ಈ ಸಲ ದೂರ ಹೋಗುವ ಸದ್ದು. ಕೊನೆಗೆ ಉಳಿದವರು ಐದು. ಹತ್ತು ಆಗಲಿಲ್ಲ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದರು. ಆತ ಹರಿದ ತೊಗಲನ್ನು ಬೆಳಕಿಗೆ ಹಿಡಿದು ಗಂಟಿನ ಜಾಗ ನೋಡಿದ. "ಸರಿಯಾದ ಜಾಗದಲ್ಲೇ ಕತ್ತರಿಸಿದ್ದೀಯ" ಅಂದ. ಆಮೇಲೆ ಎರಡು ದಿನ ಮಾತಿಲ್ಲ. ಹೊಸ ಬ್ಲ್ಯಾಡರ್ ಹಾಕಿ ಮತ್ತೆ ಹೊಲಿದ, ಬೀರುವಿನಲ್ಲಿ ಇಟ್ಟು ಬೀಗ ಹಾಕಿದ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಟೀಚರ್ ಅದನ್ನು ನೋಡಿಯೂ ನೋಡದಂತೆ ತಟ್ಟೆ ತೊಳೆದರು. ಬುಧವಾರ ಬೆಳಿಗ್ಗೆ ಆತನೇ ಚೆಂಡನ್ನು ಶಾಲೆಗೆ ತಂದು, ಎಲ್ಲರೆದುರು ಸಿಸ್ಟರಿಂದ ಮೂರು ಸಲ ಒದೆಸಿ, ಕಾಯಿರ್ ಮಾಸ್ಟರ ಮುಖವನ್ನೂ ಒಮ್ಮೆ ನೋಡಿ ಹೋದ.

ಈಗ ಮೂರು ಗಂಟೆಗೆ ಟೀಚರ್ ಹೋಂವರ್ಕ್ ಕೋಣೆಯಲ್ಲಿ. ಮಹಡಿಯ ಮೇಲಿನ ಕೋಣೆ, ಕಿಟಕಿಯ ಕೆಳಗೇ ಅಂಗಳ. ಮೊದಲ ವಾರ ಕಿಟಕಿಗೆ ಬೆನ್ನು ಹಾಕಿ ಕೂತರು. ಎರಡನೇ ವಾರ ಕೆಳಗಿನಿಂದ ಒಂದು ಸದ್ದು ಬಂತು, ಚೆಂಡಿನದಲ್ಲ. ಟಪ್, ಟಪ್, ಟಪ್. ಎದ್ದು ಬಗ್ಗಿ ನೋಡಿದರೆ, ತಮ್ಮದೇ ಹಗ್ಗಗಳು! ಆಟಕ್ಕೆ ಮುಂಚೆ ಮೈ ಬಿಸಿಯಾಗಲಿ ಅಂತ ಸಿಸ್ಟರ್ ನಲವತ್ತು ಮಕ್ಕಳಿಗೂ ಹಗ್ಗ ಕೊಟ್ಟಿದ್ದರು. ಯಾರ ಹಗ್ಗ ಯಾರ ಕೈಯಲ್ಲೋ, ಅಳತೆಯಿಲ್ಲ, ಲಯವಿಲ್ಲ. ಮಿಡತೆಯಂತೂ ತೋಳು ಬೀಸಿ ಬೀಸಿ ಕುಣಿಯುತ್ತಿದ್ದಳು. ನಡುವೆ ಸಿಸ್ಟರ್ ಕ್ಯಾನ್ವಾಸ್ ಶೂನಲ್ಲಿ ಎಡವುತ್ತಾ ನಗುತ್ತಿದ್ದರು. ಮಕ್ಕಳಿಗೆ ಅದೂ ಇಷ್ಟ!

ಟೀಚರ ಕಿವಿ ಕಾದ ಹೆಂಚಾಯಿತು. ಕಿಟಕಿಯ ಕದ ಧಡಾರನೆ ತೆರೆದರು.

"ಮೊಣಕೈ ಒಳಗೆ! ಏಯ್ ಮಿಡತೆ, ಮರೆತೇಬಿಟ್ಟೆಯಾ? ಸಿಸ್ಟರ್, ನಿಮಗೂ ಸೇರಿಸೇ ಹೇಳ್ತಿರೋದು! ಆ ಹಗ್ಗ ನಿಮಗೆ ಗಿಡ್ಡ, ಕೆಳಗಿಡಿ ಅದನ್ನ!"

ಕೆಳಗೆ ನಲವತ್ತು ಜೊತೆ ಮೊಣಕೈ ಒಟ್ಟಿಗೆ ಪಕ್ಕೆಗೆ ಅಂಟಿಕೊಂಡವು. ಸಿಸ್ಟರದ್ದೂ.

ಮಾರನೇ ದಿನ ಟೀಚರ್ ಸಿಸ್ಟರ ಮೇಜಿನ ಮೇಲೆ ಒಂದು ಹೊಸ ಹಗ್ಗ ಇಟ್ಟು ಹೋದರು. ಅಳತೆಯನ್ನು ಕಿಟಕಿಯಿಂದಲೇ ನೋಡಿಕೊಂಡಿದ್ದರು, ಕಂಕುಳಿಗೆ ಸರಿಯಾಗಿ ಬಂತು. ಹಿಡಿಕೆಗೆ ಮಾತ್ರ ತೊಗಲಿರಲಿಲ್ಲ. ಅದನ್ನು ಕಟ್ಟಿಕೊಡಿ ಅಂತ ಗಂಡನನ್ನು ಕೇಳಲು ಅವರಿಗೆ ಮನಸ್ಸಾಗಲಿಲ್ಲ. ಆತ ಮತ್ತೆ "ಪಾಪ, ಆ ಹುಡುಗಿ" ಅಂತ ಶುರುಮಾಡುತ್ತಿದ್ದ.