ಅರ್ಧ ಬರೆದ ಅಂಕಿ

ಎಂಬತ್ತರ ದಶಕದ ಕೊನೆಯ ಮಾತು. ತುಮಕೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಗುಬ್ಬಿ ಕಡೆಯ ಎಣ್ಣೆ ಗಿರಣಿಯೊಂದಕ್ಕೆ ಕೊಬ್ಬರಿ ಒಣಗಿಸುವ ಗೂಡಿನ ಶಾಖ ನೋಡಿಕೊಳ್ಳುವ ಪೆಟ್ಟಿಗೆ ಮಾಡಿಕೊಟ್ಟಿದ್ದೆವು. ಅದರೊಳಗೆ ಯಾವ ಕೆಲಸ ಯಾವಾಗ ಓಡಬೇಕು, ಯಾವುದನ್ನು ನಡುವೆಯೇ ತಡೆದು ಇನ್ನೊಂದನ್ನು ಓಡಿಸಬೇಕು ಎಂದು ತೀರ್ಮಾನಿಸುವ ಪುಟ್ಟ ಪ್ರೋಗ್ರಾಮು, ಕರ್ನಲ್ ಅನ್ನುತ್ತಾರೆ, ಬರೆದವನು ನಾನು. ಹೆಬ್ಬೆಟ್ಟು ಒತ್ತುವ ಅಪ್ಪನ ಮಗ, ವಂಶಕ್ಕೇ ಮೊದಲ ಬಿ.ಇ. ಹೆಮ್ಮೆ ಇತ್ತು, ಇಲ್ಲವೆನ್ನುವುದಿಲ್ಲ.

ಒಂದೇ ವಾರದಲ್ಲಿ ಎರಡು ಸಲ ಕೊಬ್ಬರಿ ಸೀದುಹೋಯಿತು. ಗಿರಣಿಯವರು ಗೂಡಿನ ಮೇಸ್ತ್ರಿಯನ್ನು ಎಲ್ಲ ಆಳುಗಳೆದುರು ನಿಲ್ಲಿಸಿ ಬೈದು, ಕೆಲಸದಿಂದ ತೆಗೆಯಲು ತಯಾರಾದರು. ನಮ್ಮ ಮ್ಯಾನೇಜರಂತೂ ವಿಚಾರಿಸುವ ಮೊದಲೇ ತೀರ್ಪು ಕೊಟ್ಟರು: "ನಾಲ್ಕಕ್ಷರ ಕಲೀದೋರ ಕೈಗೆ ಮೆಷಿನ್ ಕೊಟ್ರೆ ಇನ್ನೇನ್ರೀ ಆಗುತ್ತೆ? ಹೋಗಿ, ಆಪರೇಟರ್ ತಪ್ಪು ಅಂತ ಬರ್ಕೊಂಡು ಬನ್ನಿ."

ನನ್ನ ಮೈಯೆಲ್ಲ ಉರಿಯಿತು. ಬಸ್ಸು ಹತ್ತಿದೆ.

ಮೇಸ್ತ್ರಿ ಐವತ್ತು ದಾಟಿದ ಸಾಹೇಬರು. ಸೌದೆ ಒಲೆ ಹೋಗಿ ಹೀಟರು, ಪೆಟ್ಟಿಗೆ ಬಂದ ಮೇಲೂ ತಮ್ಮ ಹಳೆಯ ಪದ್ಧತಿ ಬಿಟ್ಟಿರಲಿಲ್ಲ. ಗಾಜಿನ ಥರ್ಮಾಮೀಟರ್ ನೋಡಿ, ಹೆಗಲ ಟವೆಲ್ಲನ್ನು ಗೋಡೆಯ ಕರಿಹಲಗೆಗೆ ಇಳಿಬಿಟ್ಟು, ಅದರ ಮರೆಯಲ್ಲಿ ಹಳೆಯ ಅಂಕಿ ಅಳಿಸಿ ಹೊಸದು ಬರೆದು, ಆಮೇಲೆ ಟವೆಲ್ ತೆಗೆದರು.

"ಇದೇನ್ ಸಾಹೇಬ್ರೇ, ಹಲಗೆಗೂ ನಾಚಿಕೆನಾ?" ಎಂದೆ.

"ನಗ್ಬೇಡಿ ಕಣಪ್ಪಾ. ಐವತ್ತೊಂಬತ್ತನ್ನ ಅರವತ್ತು ಮಾಡ್ತಾ ಇದೀನಿ ಅನ್ಕೊಳ್ಳಿ. ಒಂಬತ್ತು ಅಳ್ಸಿ ಸೊನ್ನೆ ಹಾಕಿದೀನಿ, ಐದು ಹಂಗೇ ಐತೆ. ಆಗ ಒಲೆಯವ್ನು ಬಗ್ಗಿ ನೋಡಿದ್ರೆ? ಐವತ್ತು ಅಂತ ಬೆಂಕಿ ಜಾಸ್ತಿ ಮಾಡ್ಬುಡ್ತಾನೆ. ಸೌದೆ ಒಲೆ ಇದ್ದಾಗ ಒಂದ್ಸಲ ಹಂಗೇ ಮಾಡವ್ನೆ!"

ಅದೇ ನನ್ನ ಪೆಟ್ಟಿಗೆಯ ರೋಗವೂ ಆಗಿತ್ತು. ನನ್ನ ಕರ್ನಲ್ಲಿನಲ್ಲೂ ಶಾಖದ ಎರಡು ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿದ್ದವು. ನಡುವೆ ಹೀಟರಿನ ಕೆಲಸ ನುಗ್ಗಿದರೆ ಅರ್ಧ ಹೊಸದು, ಅರ್ಧ ಹಳೆಯದು ಓದಿ, ಮತ್ತೆ ಓದುವ ಸರದಿ ಬರುವ ತನಕ ಕಾಲು ಗಂಟೆ ಶಾಖ ಏರಿಸುತ್ತಿತ್ತು. ಬರೆದು ಮುಗಿಯುವ ತನಕ ಯಾರನ್ನೂ ಒಳಗೆ ಬಿಡಬೇಡ ಎನ್ನುವ ಒಂದು ಸಾಲು, ಈಗ ಬಿಡು ಎನ್ನುವ ಇನ್ನೊಂದು ಸಾಲು. ಅಷ್ಟನ್ನು ನಾನು, ಬಿ.ಇ. ಮಾಡಿದವನು, ಬರೆದಿರಲಿಲ್ಲ!

ತಪ್ಪು ನನ್ನದೆಂದು ಅವರೆದುರೇ ಹೇಳಿದೆ. ಹಾಗೆಯೇ ವರದಿ ಬರೆದು ಸಹಿ ಹಾಕಿದೆ.

ಮ್ಯಾನೇಜರು ಓದಿ ಕೆಂಡವಾದರು. "ತಲೆ ಕೆಟ್ಟಿದೆಯೇನ್ರೀ? ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಬೇರೆ ಬರೀರಿ."

"ಒಂದು ಕಾಪಿ ಗಿರಣಿಗೆ ಕೊಟ್ಟೇ ಬಂದಿದೀನಿ ಸಾರ್."

ನನ್ನ ಪ್ರೊಬೇಷನ್ ಇನ್ನಾರು ತಿಂಗಳು ಎಳೆದರು. ಎಳೆಯಲಿ. ಸಾಹೇಬರ ಕೆಲಸ ಉಳಿಯಿತು. ಆದರೆ ಅಷ್ಟು ಜನರೆದುರು ಕಳ್ಳನಂತೆ ನಿಲ್ಲಿಸಿದ್ದ ಆ ಮನುಷ್ಯನಿಗೆ ಗಿರಣಿಯವರಾಗಲಿ ನಮ್ಮ ಮ್ಯಾನೇಜರಾಗಲಿ ಒಂದು ಮಾತು ತಪ್ಪಾಯಿತು ಅನ್ನಲಿಲ್ಲ. ನಾನೇ ಮ್ಯಾನೇಜರನ್ನು ಕೇಳಿದ್ದಕ್ಕೆ, ಕೆಲಸ ಉಳಿಯಿತಲ್ಲ, ಸಾಕಂತೆ.