ಎರಡು ಬೆರಳಿನ ಸಡಿಲ

ನಮ್ಮ ಮಾವನಿಗೆ ಬೀದಿಯವರು ಇಟ್ಟ ಹೆಸರು ‘ಅಲುಗ್ಬೇಡಿ’. ಮೂವತ್ತೆಂಟು ವರ್ಷ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತವರಿಗೆಲ್ಲ ಅದೊಂದೇ ಮಾತು ಹೇಳಿ ಸಂಪಾದಿಸಿದ ಬಿರುದು. ಬೆನ್ನ ಹಿಂದೆ ನಗುವವರೂ ತಮ್ಮ ಮುಖ ಚೆನ್ನಾಗಿ ಬರಬೇಕೆಂದಾಗ ಅವನ ಬಾಗಿಲಿಗೇ ಬರುತ್ತಿದ್ದರು. ಅವನು ಅಮ್ಮನ ತಮ್ಮ. ಓದು ಮುಗಿದಾಗಿನಿಂದ ನಾನು ಅವನ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಪ್ರಿಂಟ್ ತೆಗೆಯುತ್ತೇನೆ.

ಅವನ ಜೀವ ಇರುವುದು ಒಂದು ಲೆನ್ಸಿನಲ್ಲಿ. ನೂರ ಮೂವತ್ತೈದು ಎಂಎಂನ ಹಳೇ ಲೆನ್ಸು. ತಾನಾಗಿ ಫೋಕಸ್ ಮಾಡುವ ಬುದ್ಧಿ ಅದಕ್ಕಿಲ್ಲ, ಉಂಗುರವನ್ನು ಕೈಯಲ್ಲೇ ತಿರುಗಿಸಬೇಕು. ಅಮ್ಮ ಅದನ್ನು ‘ಗುಂಡುಕಲ್ಲು’ ಅನ್ನುತ್ತಾಳೆ. ಬೆಳಕು ಒಳಗೆ ಬರುವ ಕಂಡಿಗೆ ಮಾವ ಇಟ್ಟ ಹೆಸರು ‘ಬಾಯಿ’. ಆ ಬಾಯಿಯನ್ನು ಪೂರ್ತಿ ತೆರೆದರೆ ಹಿಂದಿನ ಗೋಡೆ, ಕಿಟಕಿ, ಸುಣ್ಣ ಉದುರಿದ ಮೂಲೆ ಎಲ್ಲ ಕರಗಿ ಹೋಗಿ ಕಣ್ಣೊಂದೇ ಉಳಿಯುತ್ತದೆ. ಆದರೆ ಸ್ಪಷ್ಟವಾಗಿ ಬರುವ ಜಾಗ ಒಂದು ಬೆರಳಿನ ಅಗಲಕ್ಕಿಂತ ಹೆಚ್ಚಿರುವುದಿಲ್ಲ. ಅದರಾಚೆ, ಈಚೆ ಎಲ್ಲ ಮಂಜು. ಮಾವ ಉಸಿರು ಬಿಗಿಹಿಡಿದು, ಮೈಯನ್ನು ತುಸು ಹಿಂದೆ ಮುಂದೆ ತೂಗಿ, ರೆಪ್ಪೆ ಕೂದಲು ಎಣಿಸುವಷ್ಟು ಸರಿಯಾಗಿ ಆ ಜಾಗವನ್ನು ಹಿಡಿಯುತ್ತಿದ್ದ.

ಎರಡು ವರ್ಷದ ಹಿಂದೆ ಅವನ ಕಣ್ಣು ಕೈಕೊಟ್ಟಿತು. ಅಂಚಿನ ನೋಟ ಉಳಿಯುತ್ತೆ, ನಡುವಿನದು ಹೋಗುತ್ತೆ ಅಂದರು ಡಾಕ್ಟರು. ಎದುರಿಗಿದ್ದವರ ಕಿವಿ, ಭುಜ ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಜೀವಮಾನವೆಲ್ಲ ಮುಖ ನೋಡಿಯೇ ಬದುಕಿದವನಿಗೆ ಇಂಥದ್ದೇ ಬರಬೇಕೆ? ನನಗೆ ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು ಬಂತು. ಅವನು ಹೇಳಿದ್ದು ಇಷ್ಟೇ: “ಅಕ್ಕಂಗೆ ಹೇಳಿದ್ರೆ ನನ್ನಾಣೆ.”

ಆಮೇಲೆ ತಾನೇ ಒಂದು ಉಪಾಯ ಕಂಡುಕೊಂಡ. ಲೆನ್ಸಿನ ಉಂಗುರದ ಮೇಲೆ ಐದು ಅಡಿಯ ಗುರುತಿಗೆ ಸೂಜಿಯಿಂದ ಒಂದು ಗೀರು ಎಳೆದ. ಹೆಬ್ಬೆರಳಿನ ಉಗುರಿಗೆ ಆ ಗೀರು ಸಿಕ್ಕರೆ ಸಾಕು. ಟೈಲರ್ ಟೇಪು ಅರವತ್ತು ಇಂಚು, ಅಂದರೆ ಸರಿಯಾಗಿ ಐದು ಅಡಿ. ಒಂದು ತುದಿಯನ್ನು ಅವನು ಕ್ಯಾಮೆರಾಕ್ಕೆ ಹಿಡಿಯುವುದು, ಇನ್ನೊಂದನ್ನು ನಾನು ಕೂತವರ ಕಣ್ಣಿನ ಕೊನೆಗೆ ಮುಟ್ಟಿಸುವುದು, ಟೇಪು ತೆಗೆಯುವುದು, ಆಮೇಲೆ “ಅಲುಗ್ಬೇಡಿ.” ನಡೆಯಿತು. ಯಾರಿಗೂ ಗುಟ್ಟು ತಿಳಿಯಲಿಲ್ಲ.

ಈ ವರ್ಷ ಅಮ್ಮನ ಎಡ ದವಡೆಯಲ್ಲಿ ಗಡ್ಡೆ ಬಂತು. ದವಡೆಯ ಮೂಳೆಯನ್ನೇ ಅರ್ಧ ತೆಗೆಯಬೇಕು ಅಂದರು. ಅಮ್ಮ ಟೈಲರ್. ನಲವತ್ತು ವರ್ಷ ಮಿಷಿನ್ನಿನ ಮೇಲೆ ತಲೆ ಬಗ್ಗಿಸಿಯೇ ಕೂತವಳು. ನಾನು ಫೋನ್ ಎತ್ತಿದರೆ ಸಾಕು, ಮುಖ ತಿರುಗಿಸುತ್ತಾಳೆ, ಇಲ್ಲವೇ ಕೈ ಅಡ್ಡ ಹಿಡಿಯುತ್ತಾಳೆ. ನೆಟ್ಟಗೆ ಮುಖ ಕಾಣುವ ಅವಳ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಆಪರೇಷನ್ನಿನ ಹಿಂದಿನ ದಿನ, ಆಸ್ಪತ್ರೆಗೆ ಸೇರುವ ಮೊದಲು, ತಾನಾಗಿ ಹೇಳಿದಳು: “ಈ ಮುಖ ಇನ್ಮೇಲೆ ಇರಲ್ಲ. ಪುಟ್ಟನ ಹತ್ರ ಒಂದು ತೆಗೆಸ್ಕೊಂಡು ಹೋಗೋಣ.” ಮಾವ ಅವಳಿಗೆ ಈಗಲೂ ಪುಟ್ಟನೇ.

ಸ್ಟುಡಿಯೋದಲ್ಲಿ ನಾನು ಮಾವನನ್ನು ಪಕ್ಕಕ್ಕೆ ಕರೆದೆ. “ಮಾವ, ಇವತ್ತೊಂದಿನ ಬಾಯಿ ಸ್ವಲ್ಪ ಚಿಕ್ಕದು ಮಾಡು. ಅಳತೆ ಹೆಚ್ಚುಕಮ್ಮಿ ಆದ್ರೂ ಮುಖ ಪೂರ್ತಿ ಸ್ಪಷ್ಟವಾಗಿ ಬರುತ್ತೆ.”

“ಊರವರಿಗೆಲ್ಲ ತೆರೆದು ತೆಗೆದಿದ್ದೀನಿ. ಅಕ್ಕನ ಫೋಟೋಗೆ ಮುಚ್ಚಬೇಕಾ?” ಅಂದ. ಆ ಹಟದ ಮುಂದೆ ಮಾತಾಡಿ ಗೆದ್ದವರಿಲ್ಲ.

ಟೇಪು ನೋಡಿ ಅಮ್ಮ ನಕ್ಕಳು. “ಇದೇನೋ, ಫೋಟೋ ತೆಗಿತೀಯೋ ರವಿಕೆ ಹೊಲಿತೀಯೋ?”

“ಹೊಸ ಪದ್ಧತಿ ಅಕ್ಕ. ಈಗ ಎಲ್ಲರೂ ಹೀಗೇ.”

ನಾನು ತುದಿ ಹಿಡಿಯಲು ಹೋದೆ. ಅಮ್ಮ ಕಿತ್ತುಕೊಂಡಳು. “ಕೊಡೇ ಇಲ್ಲಿ. ಟೇಪು ಹಿಡಿಯೋದು ನಂಗೆ ಹೇಳ್ಕೊಡ್ತೀಯಾ?”

ಅಮ್ಮ ಅಳತೆ ತೆಗೆಯುವ ರೀತಿ ಅವಳ ಗಿರಾಕಿಗಳಿಗೆಲ್ಲ ಗೊತ್ತು. ಟೇಪನ್ನು ಯಾರ ಮೈಗೂ ಬಿಗಿಯಾಗಿ ಎಳೆದವಳಲ್ಲ, ನಡುವೆ ಎರಡು ಬೆರಳು ತೂರಿಸಿಯೇ ಹಿಡಿಯುತ್ತಾಳೆ. ಉಸಿರಾಡಲು ಜಾಗ ಬೇಕಲ್ಲ ಅನ್ನುತ್ತಾಳೆ. ಈಗಲೂ ಹಾಗೇ ಮಾಡಿದಳು. ಕಣ್ಣಿನ ಕೊನೆಗೆ ಎರಡು ಬೆರಳು ಅಡ್ಡ ಇಟ್ಟು, ಅದರ ಮುಂದೆ ಟೇಪಿನ ತುದಿ ಹಿಡಿದಳು.

ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಬೆರಳು ತೆಗಿ ಅಂದಿದ್ದರೆ ಯಾಕೆ ಅನ್ನುತ್ತಿದ್ದಳು, ಯಾಕೆ ಅಂದರೆ ಮಾವನ ಕಣ್ಣಿನ ಮಾತು ಬರುತ್ತಿತ್ತು. ನಾಳೆ ದವಡೆ ಕೊಯ್ಯಿಸಿಕೊಳ್ಳುವವಳ ಮುಂದೆ ತಮ್ಮ ಕುರುಡನಾಗುತ್ತಿದ್ದಾನೆ ಅನ್ನಲೇ? ಮಾವನ ಆಣೆ ಬೇರೆ ಇತ್ತು. ಕ್ಯಾಮೆರಾದ ಸ್ಕ್ರೀನಿನಲ್ಲಿ ನೋಡಿಕೊಂಡರಾಯಿತು, ತಪ್ಪಿದ್ದರೆ ಏನಾದರೂ ನೆವ ಹೇಳಿ ಇನ್ನೊಮ್ಮೆ ತೆಗೆಸೋಣ ಅಂದುಕೊಂಡೆ.

“ಅಲುಗ್ಬೇಡ ಅಕ್ಕ.” ಹತ್ತೊಂಬತ್ತು ಫೋಟೋ ತೆಗೆದ. ಅಂಗೈಯಗಲದ ಸ್ಕ್ರೀನಿನಲ್ಲಿ ಎಲ್ಲವೂ ಚೆಂದವೇ ಕಂಡವು. ಅಮ್ಮನಿಗೆ ನೋವು ಹೆಚ್ಚಾಗಿತ್ತು, ಗಾಡಿ ಬಾಗಿಲಿಗೆ ಬಂದಿತ್ತು. ಹೋದೆವು.

ಅವಳನ್ನು ಸೇರಿಸಿ ಸಂಜೆ ವಾಪಸ್ ಬಂದು ಕಂಪ್ಯೂಟರಿಗೆ ಹಾಕಿದೆ. ಹತ್ತೊಂಬತ್ತರಲ್ಲೂ ಅಮ್ಮನ ಮೂಗಿನ ತುದಿ ಚರ್ಮದ ರಂಧ್ರವೂ ಕಾಣುವಷ್ಟು ಸ್ಪಷ್ಟ. ಎರಡು ಬೆರಳು ಹಿಂದಿದ್ದ ಕಣ್ಣು ಮಂಜು. ನನಗೆ ಗೊತ್ತಿದ್ದ ಸಾಫ್ಟ್‌ವೇರ್ ಆಟವೆಲ್ಲ ಆಡಿದೆ. ಇಲ್ಲದ ಕಣ್ಣನ್ನು ಎಲ್ಲಿಂದ ತರಲಿ? ಇನ್ನೊಮ್ಮೆ ತೆಗೆಸಲು ಹೊತ್ತಿರಲಿಲ್ಲ, ಬೆಳಿಗ್ಗೆ ಏಳಕ್ಕೇ ಅವಳನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು.

“ಕಣ್ಣು ಬಂದಿದೆಯಾ?” ಅಂತ ಮಾವ ಕೇಳಿದ.

“ಬಂದಿದೆ ಮಾವ.”

ಗೋಡೆಗೆ ಹಾಕುವಷ್ಟು ದೊಡ್ಡದು ಬೇಕು ಅಂದ. ದೊಡ್ಡ ಪ್ರಿಂಟರ್ ಕೆಟ್ಟಿದೆ ಅಂತ ಸುಳ್ಳು ಹೇಳಿ ಪೋಸ್ಟ್‌ಕಾರ್ಡಿನಷ್ಟು ಚಿಕ್ಕದು ತೆಗೆದೆ. ಚಿಕ್ಕದರಲ್ಲಿ ತಪ್ಪು ಕಾಣುವುದು ಕಡಿಮೆ.

ಹತ್ತನೇ ದಿನ ವಾರ್ಡಿಗೆ ಹೋದೆವು. ಅಮ್ಮನ ಮುಖದ ಅರ್ಧಕ್ಕೆ ಬಟ್ಟೆ ಸುತ್ತಿತ್ತು. ಮಾತಾಡುವ ಹಾಗಿರಲಿಲ್ಲ. ಮಾವ ಜೇಬಿನಿಂದ ಫೋಟೋ ತೆಗೆದು ಅವಳ ಕೈಗೆ ಕೊಟ್ಟ. ಅದು ತಲೆಕೆಳಗಾಗಿತ್ತು. ಅಮ್ಮ ತಿರುಗಿಸಿಕೊಂಡಳು. ಸೂಜಿಗೆ ನೂಲು ಪೋಣಿಸುವ ಕಣ್ಣು ಅವಳದು. ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

ಮಾವನಿಗೆ ತಡೆಯಲಾಗಲಿಲ್ಲ. “ಟೇಪು ಯಾಕಂದ್ಯಲ್ಲ ಅಕ್ಕ, ಫೋಕಸ್ಸಿಗೇ ಅದು. ನೀನು ತುದಿ ಹಿಡಿದ ಜಾಗ ಕೂದಲೆಳೆ ತಪ್ಪದೆ ಬಂದಿರುತ್ತೆ, ನೋಡು.”

ಅಮ್ಮ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ತಲೆಕೆಳಗಾದ ಫೋಟೋ ಕೊಟ್ಟ ತಮ್ಮನ ಮುಖವನ್ನೂ, ತನ್ನ ಮೇಲೆ ನಿಲ್ಲದೆ ಪಕ್ಕಕ್ಕೆ ಜಾರುತ್ತಿದ್ದ ಅವನ ನೋಟವನ್ನೂ ನೋಡಿದಳು. ಎರಡು ಬೆರಳನ್ನು ನಿಧಾನವಾಗಿ ಎತ್ತಿ ಕಣ್ಣಿನ ಕೊನೆಗೆ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿದೆ.

ಅಂಚಿನ ನೋಟಕ್ಕೆ ಕೈ ಅಲುಗಿದ್ದು ಸಿಕ್ಕಿರಬೇಕು. “ಏನಂತೆ ಅಕ್ಕಂಗೆ? ಎರಡು ಬೆರಳು ತೋರಿಸಿದ ಹಾಗಾಯ್ತು?” ಅಂತ ಮಾವ ನನ್ನನ್ನು ಕೇಳಿದ.

“ಎರಡು ಕಾಪಿ ಬೇಕಂತೆ” ಅಂದೆ.

“ಎರಡ್ಯಾಕೆ, ಹತ್ತು ಕೊಡ್ತೀನಿ” ಅಂತ ಅವನು ಹಿಗ್ಗಿದ. ಅಮ್ಮನ ಭುಜ ಅಲುಗತೊಡಗಿತು. ಮಾವ ನಗುತ್ತಿದ್ದಾಳೆ ಅಂದುಕೊಂಡ. ತಡವರಿಸಿ ಅವಳ ಕೈ ಹುಡುಕಿ ಹಿಡಿದ.

“ಅಲುಗ್ಬೇಡ ಅಕ್ಕ, ಹೊಲಿಗೆ ಇನ್ನೂ ಹಸಿ ಇದೆ” ಅಂದ.