ಅಜ್ಜನ ಹರಕೆಗೆ ಮೊಸಳೆ ಸಿನಿಮಾ

ವಿಲೈ ಜನ್ಮದಲ್ಲಿ ಒಂದು ಮೊಟ್ಟೆಯನ್ನೂ ನೀರಿಗೆ ಹಾಕಿ ನೋಡದೆ ಕೊಂಡವಳಲ್ಲ. ಮೊಟ್ಟೆ ಮುಳುಗಿದರೂ ಅವಳಿಗೆ ಸಮಾಧಾನವಿಲ್ಲ, ಆಗ ನೀರಿನ ಮೇಲೆ ಅನುಮಾನ. ಚೀ ಎಂಬ ನದಿಯ ದಂಡೆಯ ಊರಿನಲ್ಲಿ, ಬಸ್ಸು ನಿಲ್ಲುವ ಕಡೆ, ಅಂಟಕ್ಕಿ ಅನ್ನದ ಉಂಡೆ ತಟ್ಟಿ ಮೊಟ್ಟೆ ಸವರಿ ಕೆಂಡದ ಮೇಲೆ ಸುಟ್ಟು ಮಾರುವುದು ಅವಳ ಕಸುಬು. ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಬುವಾ ನಕ್ಕರೆ ಯಾಕೆ ನಕ್ಕಳು ಎಂದು ಯೋಚನೆ. ನಗದಿದ್ದರೆ ಏನನ್ನು ಮುಚ್ಚಿಡುತ್ತಿದ್ದಾಳೆ ಎಂದು ಯೋಚನೆ. ಭಿಕ್ಷೆಗೆ ಬಂದ ಸನ್ಯಾಸಿ ಬೇಗ ಮಂತ್ರ ಮುಗಿಸಿದರೆ, ನಡುವೆ ಎರಡು ಸಾಲು ನುಂಗಿದ್ದಾನೆ ಎಂದು ಅವನ ಬೆನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅನುಮಾನಕ್ಕೆ ಮದ್ದಿಲ್ಲ ಎನ್ನುತ್ತಾರೆ. ವಿಲೈಗೆ ಮದ್ದು ಕೊಟ್ಟಿದ್ದರೂ ಅವಳು ಕುಡಿಯುತ್ತಿರಲಿಲ್ಲ ಬಿಡಿ, ಮೊದಲು ಬೆಕ್ಕಿಗೆ ಕುಡಿಸಿ ನೋಡುತ್ತಿದ್ದಳು.

ತಮಾಷೆಯೆಂದರೆ ಅವಳ ಗಂಡ ಕಮ್ದಿ ಮದ್ದಿನ ವ್ಯಾನಿನಲ್ಲೇ ದುಡಿದವನು. ಆಗೆಲ್ಲ ಮದ್ದು ಮಾರುವ ಕಂಪನಿಗಳು ಊರೂರಿಗೆ ಪರದೆ ಹೊತ್ತು ಬಂದು ಪುಕ್ಕಟೆ ಸಿನಿಮಾ ತೋರಿಸುತ್ತಿದ್ದವು. ಕಳ್ಳ ನಾಯಕಿಯ ಕತ್ತಿಗೆ ಚಾಕು ಹಿಡಿದ ಹೊತ್ತಿಗೆ ಸರಿಯಾಗಿ ಸಿನಿಮಾ ನಿಲ್ಲಿಸಿ, ದೀಪ ಹಾಕಿ, ಜಂತುಹುಳದ ಮಾತ್ರೆ ಮಾರುತ್ತಿದ್ದರು. ರೀಲುಗಳು ಮೂಕ. ಮೈಕಿನ ಮುಂದೆ ಕೂತ ಕಮ್ದಿಯೇ ನಾಯಕ, ಅವನೇ ಖಳ, ಅವನೇ ಮುದುಕಿ, ಬೊಗಳುವ ನಾಯಿಯೂ ಅವನೇ. ನಾಯಕಿಯೂ ಅವನೇ.

ಆ ನಾಯಕಿಯ ದನಿಯೇ ವಿಲೈಯ ಹೊಟ್ಟೆಗೆ ಬೆಂಕಿ ಹಾಕಿದ್ದು. ಮದುವೆಗೆ ಮುಂಚೆ ಕಮ್ದಿಯ ನಾಯಕಿಯರೆಲ್ಲ ಕೀಚಲು ಗಂಟಲಿನವರು. ಮದುವೆಯಾದ ಮರುವರ್ಷ ಆ ದನಿ ಬದಲಾಯಿತು. ಸ್ವಲ್ಪ ಮೂಗಿನಲ್ಲಿ ಬರುವ, ಮಾತಿನ ಕೊನೆಗೆ ಜಗಳಕ್ಕೆ ಬಂದಂತೆ ಮೇಲೇಳುವ, ಆದರೂ ಕೇಳಿದವರ ಎದೆ ಕರಗಿಸುವ ದನಿ. ಇಂಥದ್ದನ್ನು ಗಂಡಸು ತಾನಾಗಿ ಹುಟ್ಟಿಸಲಾರ, ಎಲ್ಲೋ ಕೇಳಿರಬೇಕು, ಹತ್ತಿರದಿಂದ ಕೇಳಿರಬೇಕು. ವ್ಯಾನಿನ ಜೊತೆ ಹೋದಲ್ಲೆಲ್ಲ ವಿಲೈ ಮಾತ್ರೆ ಕೊಳ್ಳಲು ಬಂದ ಹೆಂಗಸರನ್ನು ಮಾತಿಗೆಳೆದು ಕಿವಿಗೊಟ್ಟು ಕೇಳಿದಳು. ಆ ದನಿಯವಳು ಸಿಗಲಿಲ್ಲ. ಗಂಡನನ್ನು ಕೇಳಲೂ ಇಲ್ಲ. ಕೇಳಿದರೆ ಸುಳ್ಳು ಹೇಳುತ್ತಾನೆ, ಆಮೇಲೆ ಆ ಸುಳ್ಳಿನ ಮೇಲೆ ಅನುಮಾನಪಡುವ ಕೆಲಸ ಬೇರೆ. ಹಾಗೆ ಮೂವತ್ತು ವರ್ಷ ಆ ಮುಳ್ಳನ್ನು ಒಳಗೇ ಇಟ್ಟುಕೊಂಡು ಬಾಳಿದಳು, ಪುಣ್ಯಾತಗಿತ್ತಿ.

ಆ ವ್ಯಾನಿನಲ್ಲಿ ಒಂದು ಮೊಸಳೆ ಸಿನಿಮಾ ಇತ್ತು. ಅದಕ್ಕಿಂತ ಕೆಟ್ಟದ್ದನ್ನು ಆ ಸೀಮೆಯವರು ನೋಡಿಲ್ಲ, ಮುಂದೆಯೂ ನೋಡಲಾರರು. ಮೊಸಳೆಯೆಂದರೆ ಟ್ರ್ಯಾಕ್ಟರ್ ಟೈರಿಗೆ ಹಲ್ಲು ಕಟ್ಟಿದ್ದು. ನಾಯಕನಿಗೆ ನೀರಿಗೆ ಧುಮುಕುವಾಗ ಮೀಸೆ ಇತ್ತು, ಮೇಲೆ ಬಂದಾಗ ಇರಲಿಲ್ಲ. ಸತ್ತ ಅತ್ತೆ ಮದುವೆಯೂಟದಲ್ಲಿ ಕೂತು ಮೀನು ತಿನ್ನುತ್ತಿದ್ದಳು. ಮಾತು ಬರೆದಿದ್ದ ಹಾಳೆ ಮೊದಲ ವಾರವೇ ಮಳೆಗೆ ಕರಗಿದ್ದರಿಂದ ಕಮ್ದಿ ತನಗೆ ತೋಚಿದ್ದನ್ನೆಲ್ಲ ಹೇಳಿ ಅದನ್ನು ದಡ ಮುಟ್ಟಿಸುತ್ತಿದ್ದ. ಜನ ಉಗಿಯುತ್ತಿದ್ದರು, ಮುಂದಿನ ಸಲ ವ್ಯಾನು ಬಂದಾಗ ಮತ್ತೆ ಕೂತು ನೋಡಿ ಮತ್ತೆ ಉಗಿಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕಮ್ದಿಗೆ ಲಕ್ವ ಹೊಡೆಯಿತು. ಕೈಕಾಲು ಮೆಲ್ಲಗೆ ಹಿಂದಿರುಗಿದವು, ಮಾತು ಹಿಂದಿರುಗಲಿಲ್ಲ. ಇಷ್ಟೊಂದು ಜನರಾಗಿ ಮಾತಾಡಿದವನು ಈಗ ತಾನೊಬ್ಬನಾಗಿಯೂ ಮಾತಾಡಲಾರದೆ ಗೋಡೆ ನೋಡುತ್ತ ಕೂತ. ಮರದ ತೋಪಿನಲ್ಲಿರುವ, ಊರು ಕಾಯುವ ದೈವ ಪೂತಾ ಅಜ್ಜನ ಗುಡಿಗೆ ಹೋಗಿ ವಿಲೈ ಹರಕೆ ಹೊತ್ತಳು: "ಅಜ್ಜಾ, ಅವನ ಬಾಯಿಂದ ಒಂದೇ ಒಂದು ಮಾತು ಬರ್ಲಿ. ನಿನಗೊಂದು ಸಿನಿಮಾ ಆಡಿಸ್ತೀನಿ. ಒಳ್ಳೇ ಸಿನಿಮಾನೇ."

ಮಳೆ ಹಿಡಿಯುವ ಮುನ್ನ ಕಮ್ದಿ "ನೀರು" ಎಂದ. ಆಮೇಲೆ "ಸೆಕೆ" ಎಂದ. ವಿಲೈ ಅಡುಗೆಮನೆಗೆ ಹೋಗಿ ಅತ್ತಳು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅನುಮಾನ ಹತ್ತಿತು. ಹರಕೆಯನ್ನು ಹೇಳಿದಂತೆ ತೀರಿಸದಿದ್ದರೆ ಅಜ್ಜ ಕೊಟ್ಟದ್ದನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತಾನೆ. ಊರಿನಲ್ಲಿ ಯಾರನ್ನು ಕೇಳಿದರೂ ಅಂಥ ಒಂದು ಕತೆ ಹೇಳುತ್ತಾರೆ. ಬಾಡಿಗೆಗೆ ಸಿನಿಮಾ ಆಡಿಸುವವನು ಪ್ರೀಚಾ. ದೇವರು ದೂರು ಹೇಳುವುದಿಲ್ಲವೆಂದು ಇಂಥವರು ಗುಡಿಗಳ ಮುಂದೆ ತುಕ್ಕು ಹಿಡಿದದ್ದನ್ನೆಲ್ಲ ಓಡಿಸುತ್ತಾರೆ ಎಂದು ಅವಳು ಕೇಳಿದ್ದಳು.

"ಹೊಸಾದು ಹಾಕ್ಬೇಕು ಪ್ರೀಚಾ. ಅಜ್ಜ ಎದ್ದು ಹೋಗೋ ಅಂಥದ್ದು ಹಾಕಿದ್ಯೋ, ನಿನ್ನ ಗ್ರಹಚಾರ ಬಿಡಿಸ್ತೀನಿ."

"ಅಕ್ಕಾ, ನನ್ನ ಮೇಲೆ ನಂಬಿಕೆ ಇಡು."

"ನಂಬಿಕೆ ಇಡು ಅಂದೋರನ್ನೇ ನಾನು ನಂಬಲ್ಲ."

ಹರಕೆಯ ಸಂಜೆ ಅಜ್ಜನಿಗೆ ಬೇಯಿಸಿದ ಕೋಳಿ, ಅಕ್ಕಿ ಸಾರಾಯಿ, ಹೂವು, ಮೇಣದ ಬತ್ತಿ ಇಟ್ಟರು. ಗುಡಿಯ ಪೂಜಾರಿ ಕೋಳಿಯ ದವಡೆ ಎಲುಬು ಕಿತ್ತು ಶಕುನ ನೋಡಿ, "ಅಜ್ಜ ಸಂತೋಷವಾಗವ್ನೆ" ಎಂದ. ವಿಲೈ ಆ ಎಲುಬನ್ನು ಕಸಿದುಕೊಂಡು ಬೆಳಕಿಗೆ ಹಿಡಿದು ತಾನೂ ನೋಡಿದಳು. ಪರದೆಯ ಮುಂದೆ ಅಜ್ಜನಿಗೆಂದು ಹೊಸ ಚಾಪೆ ಹಾಸಿ ಖಾಲಿ ಬಿಟ್ಟಿದ್ದರು. ಊರಿನ ಜನ ಅದರ ಹಿಂದೆ ಕೂತರು.

ಹೊತ್ತು ಮುಳುಗಿತು. ಪರದೆ ಬೆಳಗಿತು. ಟ್ರ್ಯಾಕ್ಟರ್ ಟೈರೊಂದು ನೀರಿನಲ್ಲಿ ತೇಲಿ ಬಂತು.

"ಅಯ್ಯೋ, ಇದೇ ಹಾಳು ಮೊಸಳೆ!" ಎಂದು ಬುವಾ ತಲೆ ಚಚ್ಚಿಕೊಂಡಳು.

ವಿಲೈ ಪ್ರೀಚಾನ ಕೊರಳಪಟ್ಟಿಗೇ ಕೈ ಹಾಕಿದಳು. "ಮನೆಹಾಳ! ನನ್ನ ಗಂಡನ ಮಾತು ಹೋಗ್ಲಿ ಅಂತ್ಲೇ ಇದನ್ನ ಹಾಕಿದ್ಯಾ? ನಿಲ್ಸೋ!"

"ನಾನಲ್ಲಕ್ಕಾ! ಭಾವಾನೇ ಬಂದು ಕೇಳಿದ್ದು. ಹೀಗೆ..." ಪ್ರೀಚಾ ಎರಡೂ ಅಂಗೈ ಜೋಡಿಸಿ ಮೊಸಳೆಯ ಬಾಯಿಯಂತೆ ತೆರೆದು ಮುಚ್ಚಿ ತೋರಿಸಿದ. "ಗೋದಾಮೆಲ್ಲ ತಡಕಾಡಿ ಹುಡುಕಿ ತಂದೆ."

ವಿಲೈ ತಿರುಗಿದಳು. ಕಮ್ದಿ ಕೋಲೂರಿಕೊಂಡು ಮೈಕಿನ ಹತ್ತಿರ ಬಂದು ಕೂತಿದ್ದ.

"ನಾನೇ," ಎಂದ.

"ಯಾಕಯ್ಯಾ? ಒಳ್ಳೇದು ಅಂತ ಅಜ್ಜನಿಗೆ ಮಾತು ಕೊಟ್ಟಿದೀನಿ ನಾನು!"

"ಹೊಸಾವು... ತಾವೇ ಮಾತಾಡ್ತವೆ," ಎಂದ ಕಮ್ದಿ, ಒಂದೊಂದೇ ಮಾತನ್ನು ಎಳೆದು ತಂದು. "ಇದು... ಮೂಕ." ಗುಡಿಯ ಕಡೆ ಕೈ ತೋರಿಸಿದ. "ದನಿ ಕೊಟ್ಟ. ದನಿ... ಕೊಡ್ತೀನಿ."

ಮಾತೇನೋ ಸರಿಯಾಗಿಯೇ ಇತ್ತು. ವಿಲೈ ನಂಬಲಿಲ್ಲ. ಅಜ್ಜನ ನೆಪ ಹೇಳಿ ಆ ಹೆಂಗಸಿನ ದನಿಯನ್ನು ಇನ್ನೊಮ್ಮೆ ಬಾಯಿಗೆ ತಂದುಕೊಳ್ಳುವ ಆಸೆ ಈ ಮುದುಕನಿಗೆ, ಇನ್ನೇನು! ಹಲ್ಲು ಕಚ್ಚಿಕೊಂಡು ಪಕ್ಕದಲ್ಲೇ ನಿಂತಳು.

ಪರದೆಯ ಮೇಲೆ ಖಳ ಬಾಯಿ ತೆರೆದ. "ನಿಲ್ಲು!" ಎಂದ ಕಮ್ದಿ. ಅಲ್ಲಿಗೆ ಸಿಕ್ಕಿಕೊಂಡ. ಕೂತವರಲ್ಲಿ ಯಾರೋ ಕೂಗಿ ಮುಗಿಸಿದರು: "ನಿಲ್ಲೋ ಕಳ್ಳ, ನದಿ ಏನ್ ನಿಮ್ಮಪ್ಪಂದಾ?" ಎಲ್ಲರೂ ನಕ್ಕರು. ಅಷ್ಟು ಸಲ ನೋಡಿ ಉಗಿದಿದ್ದರಲ್ಲ, ಮಾತೆಲ್ಲ ಬಾಯಿಪಾಠ. ಕಮ್ದಿ ಒಂದು ಮಾತು ಎತ್ತಿಕೊಟ್ಟರೆ ಊರು ಉಳಿದದ್ದನ್ನು ಹೇಳಿತು. ಸತ್ತ ಅತ್ತೆ ಮೀನು ತಿನ್ನುವಾಗ ಪೂಜಾರಿಯೇ ಎದ್ದು, "ಉಪ್ಪು ಸಾಲ್ದು!" ಎಂದು ಅರಚಿದ. ಕಮ್ದಿ ಅರ್ಧ ಬಾಯಲ್ಲಿ ನಕ್ಕ. ಎಷ್ಟು ತಿಂಗಳಾಗಿತ್ತು ಅವನು ನಕ್ಕು!

ಆಮೇಲೆ ನಾಯಕಿ ದಂಡೆಗೆ ಬಂದಳು.

ಕಮ್ದಿ ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ, ಗಂಟಲಿನಿಂದ ಗಾಳಿ ಬಂತು, ಅಷ್ಟೆ. ಪರದೆಯ ದೀಪ ಒಮ್ಮೆ ಮಂಕಾಗಿ ಹತ್ತಿತು. ಜನ ಅಜ್ಜನ ಖಾಲಿ ಚಾಪೆಯ ಕಡೆ ನೋಡಿ ಕೈ ಮುಗಿದರು. ನಾಯಕಿಯ ಮಾತೂ ಎಲ್ಲರಿಗೂ ಗೊತ್ತಿತ್ತು, ಆದರೆ ಆ ದನಿಯಲ್ಲಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಗಂಡನ ಹಣೆಯ ಬೆವರು ನೋಡಿ ವಿಲೈಯ ಜೀವ ಬಾಯಿಗೆ ಬಂತು. ಅಜ್ಜ ಕಿತ್ತುಕೊಳ್ಳುತ್ತಿದ್ದಾನೆ, ಕಣ್ಣೆದುರೇ ಕಿತ್ತುಕೊಳ್ಳುತ್ತಿದ್ದಾನೆ! ಹಾಳಾಗಿ ಹೋಗಲಿ ಆ ಹೆಂಗಸು, ಯಾರಾದರೂ ಆಗಿರಲಿ. ವ್ಯಾನಿನ ಹಿಂದೆ ನಿಂತು ಆ ಮಾತನ್ನು ಅವಳಷ್ಟು ಸಲ ಕೇಳಿದವರು ಇನ್ಯಾರಿದ್ದಾರೆ? ಮೈಕು ಕಿತ್ತುಕೊಂಡಳು. ಅವಳು ಮೈಕು ಮುಟ್ಟಿದ್ದು ಅದೇ ಮೊದಲು.

"ಹೋಗೋದಾದ್ರೆ ಹೋಗು. ಉಂಡು ಹೋಗು. ತಿರ್ಗಿ ಬರ್ತೀನಿ ಅಂತ ಆಣೆ ಇಡ್ಬೇಡ, ನಾನು ನಂಬಲ್ಲ!"

ಹುಣಸೆಮರಕ್ಕೆ ಕಟ್ಟಿದ್ದ ಸ್ಪೀಕರಿನಿಂದ ಆ ಮಾತು ತೋಪಿನ ತುಂಬ ಹರಡಿತು. ಸ್ವಲ್ಪ ಮೂಗಿನಲ್ಲಿ. ಕೊನೆಗೆ ಜಗಳಕ್ಕೆ ಬಂದಂತೆ ಮೇಲೆದ್ದು.

ವಿಲೈ ಗಕ್ಕನೆ ಹಿಂದಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಅದೇ ದನಿ ಕಣ್ರೇ!" ಎಂದು ಬುವಾ ಎದ್ದು ನಿಂತಳು. "ವ್ಯಾನಿನ ನಾಯಕಿ! ಅಯ್ಯೋ ನಮ್ಮ ವಿಲೈ!"

ವಿಲೈ ಮೈಕನ್ನು ಕೆಳಗಿಳಿಸಿದಳು. ದನಿ ಮಾತ್ರವಲ್ಲ, ಮಾತೂ ಅವಳದೇ. ಮದುವೆಯಾದ ಮೇಲೆ ಮೊದಲ ಸಲ ಕಮ್ದಿ ಒಬ್ಬನೇ ವ್ಯಾನು ಹತ್ತಿ ಹೊರಟ ಬೆಳಿಗ್ಗೆ, ಬಾಗಿಲಲ್ಲಿ ಅನ್ನದ ಬುಟ್ಟಿ ಹಿಡಿದು ನಿಂತು ಅವಳೇ ಆಡಿ ಮರೆತದ್ದು. ಊರೂರ ಹೆಂಗಸರ ಬಾಯಿಗೆ ಕಿವಿಯಿಟ್ಟು ತಿರುಗಿದ್ದಳು, ತನ್ನ ದನಿ ಹೊರಗಿನಿಂದ ಕೇಳಿದರೆ ಹೇಗಿರುತ್ತದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಗಂಡನ ಮುಖ ನೋಡಿದಳು. ಅವನ ಕಣ್ಣು ತುಂಬಿತ್ತು.

"ಇಷ್ಟು ವರ್ಷ ಯಾಕಯ್ಯಾ ಹೇಳ್ಲಿಲ್ಲ?"

ಕಮ್ದಿ ದವಡೆ ಅಲ್ಲಾಡಿಸಿದ, ಉಗುಳು ನುಂಗಿದ. ತಡವಾಗಿಯಾದರೂ ಮಾತು ಬಂತು.

"ಕೇಳ್ಲಿಲ್ಲ... ನೀನು."

"ಅಕ್ಕಾ, ನಾಯಕಿ ಬಾಯಿ ಆಡ್ತಾ ಇದೆ, ಮಾತಾಡು!" ಎಂದು ಜನ ಕೂಗಿದರು. ಪರದೆಯ ಮೇಲೆ ಟೈರು ದಂಡೆಯ ಹತ್ತಿರ ಬಂದಿತ್ತು. ವಿಲೈ ಭುಜಕ್ಕೆ ಮೂಗು ಒರೆಸಿಕೊಂಡು, ಮೈಕು ಬಾಯಿಗೆ ಹಿಡಿದು, ಆ ಮೊಸಳೆಯನ್ನು ಬೈಯಲು ಶುರುಮಾಡಿದಳು.